ಅಂಗೈಯಳತೆಯ ಮಣ್ಣು: ರಾಜಘಟ್ಟದ ಕಿರುಸ್ತೂಪಗಳೂ ಚೀನಾದ ಪುಟ್ಟ ಚಹಾ ಗಿಂಡಿಗಳೂ



ಈ ದತ್ತಿ ಉಪನ್ಯಾಸ ನಡೆಯುತ್ತಿರುವ ದೊಡ್ಡಬಳ್ಳಾಪುರ ತಾಲ್ಲೂಕಿಗೆ ದತ್ತಿ ಹೊಸದಲ್ಲ. ಮೇಳೇಕೋಟೆಯಲ್ಲಿ ದೊರೆತ ಗಂಗ ಅರಸ ತಡಂಗಾಲ ಮಾಧವನ ತಾಮ್ರಪಟ ಬೌದ್ಧ ವಿಹಾರಕ್ಕೆ ಬಿಟ್ಟ ದಾನವನ್ನು ಹೇಳುತ್ತದೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಈ ಬಯಲಿನಲ್ಲಿ ಬೌದ್ಧ ಭಿಕ್ಷುಗಳು ಇದ್ದರು, ಅವರಿಗೆ ಅರಸರ ಆಸರೆಯೂ ಇತ್ತು ಎಂಬುದಕ್ಕೆ ಅದು ಲೋಹದ ಮೇಲಿನ ಸಾಕ್ಷಿ. ನಾನು ಇಂದು ಮಾತನಾಡಬೇಕೆಂದಿರುವುದು ಮಣ್ಣಿನ ಮೇಲಿನ ಸಾಕ್ಷಿಯ ಬಗ್ಗೆ.

ಉಪನ್ಯಾಸದ ಹೆಸರಿನಲ್ಲಿ ರಾಜಘಟ್ಟವೂ ಚೀನಾದ ಚಹಾ ಗಿಂಡಿಯೂ ಜೊತೆಯಾಗಿ ನಿಂತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರು ಅಚ್ಚರಿಪಟ್ಟಿರಬಹುದು. ನನ್ನ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುತ್ತೇನೆ. ರಾಜಘಟ್ಟದಲ್ಲಿ ಸಿಕ್ಕ ಮಣ್ಣಿನ ಕಿರುಸ್ತೂಪಗಳಿಂದ ಆರಂಭಿಸುತ್ತೇನೆ. ಅವುಗಳ ಹಿಂದಿನ ಕುಂಬಾರಿಕೆಯ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡುತ್ತೇನೆ. ಅನಂತರ, ಇಂಥ ಕಿರುಸ್ತೂಪಗಳನ್ನು ಭಾರತದಲ್ಲಿ ಕಂಡು ಬರೆದಿಟ್ಟ ಚೀನೀ ಯಾತ್ರಿಕರ ಕೈಹಿಡಿದು ಅವರ ದೇಶಕ್ಕೆ ಹೋಗಿ, ಅಲ್ಲಿ ಕೆಲವು ಶತಮಾನಗಳ ಮೇಲೆ ಹುಟ್ಟಿದ ಪುಟ್ಟ ಮಣ್ಣಿನ ಗಿಂಡಿಗಳ ಕಸುಬನ್ನು ಪರಿಶೀಲಿಸುತ್ತೇನೆ. ಕೊನೆಗೆ ಊರಿಗೆ ಮರಳಿ, ನಮ್ಮ ಕೈಲಾಗುವ ಕೆಲಸವೊಂದನ್ನು ಮುಂದಿಡುತ್ತೇನೆ. ಸ್ತೂಪದಿಂದ ಗಿಂಡಿ ಹುಟ್ಟಿತು ಎಂದು ನಾನು ಹೇಳುತ್ತಿಲ್ಲ. ಎರಡೂ ಅಂಗೈಯಲ್ಲಿ ಹಿಡಿಸುವ ಮಣ್ಣಿನ ಕೆಲಸ. ಒಂದರ ಬಗ್ಗೆ ಒಂದು ನಾಡು ಗ್ರಂಥಗಳನ್ನೇ ಬರೆಯಿತು. ಇನ್ನೊಂದರ ಬಗ್ಗೆ ನಾವು ಪುರಾತತ್ತ್ವದ ವರದಿಯಾಚೆಗೆ ಹೋಗಿಲ್ಲ. ಈ ಅಂತರವೇ ನನ್ನನ್ನು ಇಲ್ಲಿ ನಿಲ್ಲಿಸಿರುವುದು.

ಮೊದಲಿಗೆ ಸ್ಥಳದ ಮಾತು.

ರಾಜಘಟ್ಟದ ಹೊಲವೊಂದನ್ನು ಊರವರು ಬೂದಿಗುಂಡಿ ಎಂದು ಕರೆಯುತ್ತ ಬಂದಿದ್ದರು. 2001ರಲ್ಲಿ, ಮತ್ತೆ 2004ರಲ್ಲಿ ಅಲ್ಲಿ ಉತ್ಖನನ ನಡೆದಾಗ ಇಟ್ಟಿಗೆಯ ಚೈತ್ಯ ಮತ್ತು ವಿಹಾರದ ಅವಶೇಷಗಳು ಹೊರಬಂದವು. ಅವುಗಳ ಜೊತೆಗೆ ಬಹುಸಂಖ್ಯೆಯಲ್ಲಿ ದೊರೆತದ್ದು ಮಣ್ಣಿನ ಕಿರುಸ್ತೂಪಗಳು, ಹರಕೆಯಾಗಿ ಒಪ್ಪಿಸಿದ ಪುಟ್ಟ ಸ್ತೂಪಗಳು. ಅವುಗಳ ಒಡಲಲ್ಲಿ ಧಾರ್ಮಿಕ ಬರಹವನ್ನೊತ್ತಿದ ಮಣ್ಣಿನ ಬಿಲ್ಲೆಗಳು. ದಕ್ಷಿಣ ಕರ್ನಾಟಕದ ಬೌದ್ಧ ಚರಿತ್ರೆಗೆ ಇದು ದೊಡ್ಡ ಸೇರ್ಪಡೆ. ಕರ್ನಾಟಕದ ಬೌದ್ಧಧರ್ಮ ಎಂದರೆ ನಾವು ಸನ್ನತಿಯನ್ನು, ಕನಗನಹಳ್ಳಿಯ ಮಹಾಸ್ತೂಪವನ್ನು, ಬನವಾಸಿಯನ್ನು ನೆನೆಯುತ್ತಿದ್ದೆವು. ಗಂಗರ ಸೀಮೆಯ ನಡುವೆ, ನಂದಿಬೆಟ್ಟದ ಮಗ್ಗುಲಲ್ಲಿ, ಅರ್ಕಾವತಿ ಹುಟ್ಟುವ ಸೀಮೆಯಲ್ಲಿ ಒಂದು ಮಹಾಯಾನ ಕೇಂದ್ರವಿತ್ತೆಂಬುದನ್ನು ರಾಜಘಟ್ಟ ತೋರಿಸಿಕೊಟ್ಟಿತು. ಆ ಉತ್ಖನನ ನಡೆಸಿದ ವಿದ್ವಾಂಸರಿಗೆ ಈ ಸೀಮೆಯವರೆಲ್ಲ ಋಣಿಗಳು.

ಕನಗನಹಳ್ಳಿಯ ಸ್ತೂಪಕ್ಕೂ ರಾಜಘಟ್ಟದ ಸ್ತೂಪಗಳಿಗೂ ಇರುವ ವ್ಯತ್ಯಾಸವನ್ನು ಒಂದು ಕ್ಷಣ ಯೋಚಿಸಿ. ಅಲ್ಲಿ ಸುಣ್ಣಕಲ್ಲಿನ ಫಲಕಗಳ ಮೇಲೆ ಶಿಲ್ಪಗಳು, ಅರಸರ ಹೆಸರುಗಳು, 'ರಾಯ ಅಶೋಕ' ಎಂಬ ಬರಹದೊಡನೆ ಅಶೋಕನ ಚಿತ್ರ. ಅದು ರಾಜರ, ವರ್ತಕರ, ಶಿಲ್ಪಿಗಳ ಸ್ತೂಪ. ಕಲ್ಲು ತರಿಸುವ ಶಕ್ತಿ ಇದ್ದವರ ಸ್ತೂಪ. ರಾಜಘಟ್ಟದ ಕಿರುಸ್ತೂಪಕ್ಕೆ ಬೇಕಾದದ್ದು ಒಂದು ಹಿಡಿ ಮಣ್ಣು, ನೀರು, ಕೈ. ಕಲ್ಲಿನ ಸ್ತೂಪವನ್ನು ಕಟ್ಟಿಸಲಾರದ ರೈತ, ದನಗಾಹಿ, ವಿಧವೆ, ದಾರಿಹೋಕ, ಯಾರು ಬೇಕಾದರೂ ಮಣ್ಣಿನ ಒಂದು ಸ್ತೂಪವನ್ನು ಒಪ್ಪಿಸಬಹುದು. ಪುಣ್ಯವನ್ನು ಕಲ್ಲಿನಿಂದ ಮಣ್ಣಿಗೆ ಇಳಿಸಿದ ಈ ಪದ್ಧತಿಯಲ್ಲಿ ನನಗೆ ಒಂದು ದೊಡ್ಡ ಔದಾರ್ಯ ಕಾಣುತ್ತದೆ. ವಿದ್ವಾಂಸರು ಬರಹದ ಲಿಪಿ ನೋಡಿ ಕಾಲ ನಿರ್ಣಯ ಮಾಡುತ್ತಾರೆ, ಇಟ್ಟಿಗೆಯ ಅಳತೆ ನೋಡಿ ಕಟ್ಟಡದ ಕಾಲ ಹೇಳುತ್ತಾರೆ. ಅದೆಲ್ಲ ಆಗಲೇಬೇಕು. ಆದರೆ ಆ ಮಣ್ಣನ್ನು ಹದಮಾಡಿದವರ ಕೆಲಸವೂ ಚರಿತ್ರೆಯೇ. ಅದನ್ನು ಓದುವ ವಿದ್ಯೆ ನಮ್ಮ ಕುಂಬಾರರ ಕೇರಿಯಲ್ಲಿದೆ.

ಇಲ್ಲಿಂದ ಎರಡನೆಯ ವಿಷಯಕ್ಕೆ ಬರುತ್ತೇನೆ: ಪುಟ್ಟದಾಗಿ ಮಾಡುವುದೆಂದರೆ ಏನು?

ದೊಡ್ಡದನ್ನು ಮಾಡಬಲ್ಲವನಿಗೆ ಚಿಕ್ಕದು ಸುಲಭ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ಕುಂಬಾರರನ್ನು ಕೇಳಿದರೆ ಅವರು ಒಪ್ಪುವುದಿಲ್ಲ. ನಮ್ಮ ಹಳ್ಳಿಯ ನೀರಿನ ಕೊಡ ಹೇಗಾಗುತ್ತದೆ ನೋಡಿ. ಕೆರೆಯ ಹೂಳನ್ನು ತಂದು, ಒಣಗಿಸಿ, ಕುಟ್ಟಿ, ಕಲ್ಲುಹರಳು ತೆಗೆದು, ನೆನೆಹಾಕಿ, ಮರಳನ್ನೋ ಬೂದಿಯನ್ನೋ ಬೆರೆಸಿ, ಕಾಲಿನಿಂದ ತುಳಿದು, ಕೈಯಿಂದ ನಾದಿ ಹದ ತರುತ್ತಾರೆ. ತಿಗರಿಯ ಮೇಲೆ ದಪ್ಪ ಗೋಡೆಯ ಪಾತ್ರೆಯನ್ನು ಎತ್ತುತ್ತಾರೆ. ಅದು ಅರೆ ಒಣಗಿದ ಮೇಲೆ ಒಳಗೆ ಗುಂಡುಕಲ್ಲು ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ತಟ್ಟಿ ಗೋಡೆಯನ್ನು ತೆಳುಮಾಡಿ ಹೊಟ್ಟೆಯನ್ನು ಉಬ್ಬಿಸುತ್ತಾರೆ. ಕೊಡದ ರೂಪ ತಿಗರಿಯ ಮೇಲೆ ಅರ್ಧ, ತಟ್ಟುವುದರಲ್ಲಿ ಅರ್ಧ. ದೊಡ್ಡ ಪಾತ್ರೆಯಲ್ಲಿ ಒಂದು ಕಡೆ ಕೊಂಚ ಹೆಚ್ಚು ತಟ್ಟಿದರೂ ಕಣ್ಣಿಗೆ ಬೀಳುವುದಿಲ್ಲ. ಅಂಗೈಯಳತೆಯ ಪಾತ್ರೆಯಲ್ಲಿ ಅದೇ ತಪ್ಪು ರೂಪವನ್ನೇ ಕೆಡಿಸುತ್ತದೆ. ಕೈ ಒಳಗೆ ಹೋಗುವುದಿಲ್ಲ, ಬೆರಳ ತುದಿ ಮಾತ್ರ ಹೋಗುತ್ತದೆ. ಒಂದು ಮರಳಿನ ಕಣವೂ ಗೋಡೆಯಲ್ಲಿ ಗಂಟಾಗಿ ಎದ್ದು ಕಾಣುತ್ತದೆ. ಹಾಗಾಗಿ ಮಣ್ಣನ್ನು ಹೆಚ್ಚು ನುಣುಪಾಗಿ ಸೋಸಬೇಕು. ನುಣುಪು ಮಣ್ಣು ಹೆಚ್ಚು ಕುಗ್ಗುತ್ತದೆ, ಕುಗ್ಗಿದರೆ ಬಿರುಕು ಬಿಡುತ್ತದೆ. ಒಂದು ಕಷ್ಟದಿಂದ ಪಾರಾಗಲು ಹೋಗಿ ಇನ್ನೊಂದಕ್ಕೆ ಸಿಕ್ಕಿಕೊಳ್ಳುವ ಕೆಲಸ ಇದು.

ಸ್ತೂಪದ ವಿಷಯದಲ್ಲಿ ಇನ್ನೊಂದು ತೀರ್ಮಾನವಿದೆ. ಸ್ತೂಪಕ್ಕೆ ಪೀಠವಿದೆ, ಅದರ ಮೇಲೆ ಅಂಡವೆಂಬ ಗುಮ್ಮಟವಿದೆ, ಅಂಡದ ಮೇಲೆ ಹರ್ಮಿಕೆ ಎಂಬ ಚೌಕದ ಕಟ್ಟು, ಅದರ ಮೇಲೆ ಕೊಡೆಗಳ ಸಾಲಾದ ಛತ್ರಾವಳಿ. ಬೆಟ್ಟದಷ್ಟು ದೊಡ್ಡ ಸ್ತೂಪದಲ್ಲಿ ಇವೆಲ್ಲಕ್ಕೂ ಜಾಗವಿದೆ. ಬೆರಳಷ್ಟು ಎತ್ತರದಲ್ಲಿ ಎಲ್ಲವನ್ನೂ ತುರುಕಿದರೆ ಯಾವುದೂ ಉಳಿಯುವುದಿಲ್ಲ. ಯಾವ ರೇಖೆಯನ್ನು ಇಟ್ಟುಕೊಂಡರೆ ನೋಡಿದವರು ತಡವಿಲ್ಲದೆ ಸ್ತೂಪವೆಂದು ಕೈಮುಗಿಯುತ್ತಾರೆ ಎಂಬುದನ್ನು ಮಾಡುವವರು ಬಲ್ಲವರಾಗಿರಬೇಕು. ಅದು ಶಿಲ್ಪಿಯ ತೀರ್ಮಾನಕ್ಕಿಂತ ಕಡಿಮೆಯದಲ್ಲ.

ಒಳಗಿನ ಬಿಲ್ಲೆಯ ಕೆಲಸವಂತೂ ಇನ್ನೂ ಸೂಕ್ಷ್ಮ. ಬೌದ್ಧ ಜಗತ್ತಿನಲ್ಲಿ ಇಂಥ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಪ್ರತೀತ್ಯಸಮುತ್ಪಾದದ ಗಾಥೆ, ಇಲ್ಲವೆ ಧಾರಣಿಗಳೆಂಬ ಮಂತ್ರಗಳು. ಎಲ್ಲ ವಸ್ತುಗಳೂ ಕಾರಣದಿಂದ ಹುಟ್ಟುತ್ತವೆ, ಆ ಕಾರಣವನ್ನೂ ಅದರ ನಿರೋಧವನ್ನೂ ಬುದ್ಧ ತಿಳಿಸಿದ್ದಾನೆ ಎಂಬುದು ಆ ಗಾಥೆಯ ತಾತ್ಪರ್ಯ. ಅಶ್ವಜಿತ್ ಎಂಬ ಭಿಕ್ಷು ಸಾರಿಪುತ್ರನಿಗೆ ಹೇಳಿದ್ದು ಅದನ್ನೇ ಎಂದು ಪರಂಪರೆ ನೆನೆಯುತ್ತದೆ. ಇಂಥ ಬರಹವನ್ನು ಪ್ರತಿ ಬಿಲ್ಲೆಯ ಮೇಲೂ ಕಡ್ಡಿಯಿಂದ ಬರೆಯುತ್ತ ಕೂರುವುದಿಲ್ಲ. ಅಕ್ಷರಗಳನ್ನು ತಿರುವುಮುರುವಾಗಿ ಕೆತ್ತಿದ ಮುದ್ರೆಯಿಂದ ಒತ್ತುತ್ತಾರೆ. ಮಣ್ಣು ತೀರ ಮೆದುವಾಗಿದ್ದರೆ ಮುದ್ರೆಗೆ ಅಂಟಿಕೊಂಡು ಅಕ್ಷರ ಕಿತ್ತುಬರುತ್ತದೆ. ಗಟ್ಟಿಯಾಗಿದ್ದರೆ ಅಕ್ಷರ ಮೂಡುವುದಿಲ್ಲ, ಅಂಚು ಸೀಳುತ್ತದೆ. ಹೀಗೆ ಒತ್ತಿದ ಬಿಲ್ಲೆ ಒಣಗುವಾಗ ತನ್ನ ಪಾಲಿನ ಕುಗ್ಗು ಕುಗ್ಗಿರುತ್ತದೆ. ಅದನ್ನು ಹಸಿಮಣ್ಣಿನ ಸ್ತೂಪದೊಳಗೆ ಇಟ್ಟು ಮುಚ್ಚಿದರೆ ಹೊರಗಿನ ಮಣ್ಣು ಮಾತ್ರ ಕುಗ್ಗುತ್ತ ಹೋಗಿ ಬಿಲ್ಲೆಯ ಸುತ್ತ ಬಿಗಿಯುತ್ತದೆ, ಸೀಳುವ ಭಯ ಇದೆ. ಎರಡೂ ಸರಿಸುಮಾರು ಒಂದೇ ಹದದಲ್ಲಿರುವಾಗ ಸೇರಿಸಬೇಕು. ಬೆಂಕಿಗೆ ಹಾಕುವುದಾದರೆ ಇನ್ನೂ ಎಚ್ಚರ ಬೇಕು. ಒಳಗೆ ಸಿಕ್ಕಿದ ಗಾಳಿಯಿಂದ ಮಣ್ಣಿನ ವಸ್ತು ಸಿಡಿಯುತ್ತದೆ ಎಂಬ ಮಾತು ಬಳಕೆಯಲ್ಲಿದೆ. ನಿಜವಾಗಿ ಸಿಡಿಸುವುದು ತೇವ. ದಪ್ಪಗಿನ ಮಣ್ಣಿನ ನಡುವೆ ಉಳಿದ ನೀರು 100 ಡಿಗ್ರಿ ಸೆಲ್ಸಿಯಸ್‌ ದಾಟುತ್ತಿದ್ದಂತೆ ಆವಿಯಾಗಿ ಹಿಗ್ಗಿ, ಹೊರಬರಲು ದಾರಿ ಸಿಗದೆ ಒಡೆಯುತ್ತದೆ. ಸುಮಾರು 500ರಿಂದ 600 ಡಿಗ್ರಿಯ ಹೊತ್ತಿಗೆ ಜೇಡಿಯ ಕಣದಲ್ಲೇ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಅದು ಮತ್ತೆಂದೂ ಕೆಸರಾಗದು.

ಇಷ್ಟು ಎಚ್ಚರದಿಂದ ಒತ್ತಿದ ಅಕ್ಷರವನ್ನು ಯಾರೂ ಓದಬೇಕಾಗಿರಲಿಲ್ಲ. ಮುಚ್ಚಿದ ಮೇಲೆ ಅದು ಒಳಗೇ ಇರುವ ಬರಹ. ಬುದ್ಧನ ಅಸ್ಥಿ ಎಲ್ಲ ಸ್ತೂಪಗಳಿಗೂ ದೊರೆಯುವುದಿಲ್ಲ. ಅವನ ಮಾತೇ ಅವನ ಶರೀರ ಎಂಬ ನಂಬಿಕೆಯಿಂದ ಅಸ್ಥಿಯ ಜಾಗದಲ್ಲಿ ಮಾತನ್ನಿಟ್ಟರು. ಕಾಣದ ಭಾಗದ ಮೇಲೂ ಅಷ್ಟೇ ಶ್ರದ್ಧೆ ಇಟ್ಟ ಕೆಲಸಗಾರರು ಈ ನೆಲದಲ್ಲಿದ್ದರು ಎಂದು ನೆನೆದಾಗ ನನಗೆ ಹೆಮ್ಮೆಯಾಗುತ್ತದೆ. ಅದನ್ನು ಬಚ್ಚಿಡಲು ನನಗೆ ಇಷ್ಟವಿಲ್ಲ.

ಈಗ ಮೂರನೆಯ ಮಾತು, ಚೀನೀ ಸಾಕ್ಷಿಗಳದ್ದು. ಇದನ್ನು ಚುಟುಕಾಗಿ ಹೇಳುತ್ತೇನೆ.

ಏಳನೆಯ ಶತಮಾನದಲ್ಲಿ ಭಾರತಕ್ಕೆ ಬಂದ ಹ್ಯೂಯೆನ್‌ತ್ಸಾಂಗನನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಅವನು ಹೊರಟದ್ದು 629ರ ಸುಮಾರಿಗೆ, ಮರಳಿದ್ದು 645ರಲ್ಲಿ. ಭಾರತದವರು ಸುಗಂಧದ ಪುಡಿಯನ್ನು ಕಲಸಿ ಐದಾರು ಅಂಗುಲ ಎತ್ತರದ ಪುಟ್ಟ ಸ್ತೂಪಗಳನ್ನು ಮಾಡಿ, ಒಳಗೆ ಸೂತ್ರದ ಬರಹವನ್ನಿಟ್ಟು, ಅದನ್ನು ಧರ್ಮಶರೀರ ಎಂದು ಕರೆಯುತ್ತಾರೆ, ಇಂಥವು ಬಹಳವಾದಾಗ ದೊಡ್ಡ ಸ್ತೂಪವೊಂದನ್ನು ಕಟ್ಟಿ ಅದರೊಳಗೆ ಕೂಡಿಡುತ್ತಾರೆ ಎಂದು ಅವನು ಬರೆದಿದ್ದಾನೆ. ಮಗಧದಲ್ಲಿದ್ದ ಜಯಸೇನನೆಂಬ ಗೃಹಸ್ಥ ವಿದ್ವಾಂಸ ಮೂವತ್ತು ವರ್ಷಗಳಲ್ಲಿ ಏಳು ಕೋಟಿ ಕಿರುಸ್ತೂಪಗಳನ್ನು ಮಾಡಿದನೆಂದೂ ಹೇಳುತ್ತಾನೆ. ಕೋಟಿಯ ಲೆಕ್ಕವನ್ನು ಭಕ್ತಿಯ ಲೆಕ್ಕವೆಂದು ತೆಗೆದುಕೊಳ್ಳೋಣ. ಒಬ್ಬ ಮಹಾವಿದ್ವಾಂಸ ಪಾಠ ಹೇಳುವುದರ ಜೊತೆಗೆ ಕೈಕೆಸರು ಮಾಡಿಕೊಳ್ಳುವುದನ್ನು ದಿನಚರಿಯಾಗಿ ಇಟ್ಟುಕೊಂಡಿದ್ದ ಎಂಬುದೇ ನಮಗೆ ಮುಖ್ಯ. ಅದೇ ಶತಮಾನದ ಕೊನೆಯ ಭಾಗದಲ್ಲಿ ಬಂದ ಇತ್ಸಿಂಗ್ ಕೂಡ ಭಿಕ್ಷುಗಳೂ ಗೃಹಸ್ಥರೂ ಮಣ್ಣಿನಿಂದ ಚೈತ್ಯಗಳನ್ನು ಮಾಡುವುದನ್ನು ದಾಖಲಿಸಿದ್ದಾನೆ.

ಪದ್ಧತಿ ಭಾರತದಲ್ಲೇ ನಿಲ್ಲಲಿಲ್ಲ. ಟಿಬೆಟಿನಲ್ಲಿ ಅಚ್ಚಿನಿಂದ ಒತ್ತುವ ಮಣ್ಣಿನ ತ್ಸತ್ಸಗಳಾಗಿ ಅದು ಇಂದಿಗೂ ಜೀವಂತವಾಗಿದೆ. ಜಪಾನಿನಲ್ಲಿ ಸಾಮ್ರಾಜ್ಞಿ ಶೋತೊಕು 764ರಿಂದ 770ರ ನಡುವೆ ಹತ್ತು ಲಕ್ಷ ಮರದ ಕಿರುಸ್ತೂಪಗಳನ್ನು ಮಾಡಿಸಿ, ಪ್ರತಿಯೊಂದರಲ್ಲೂ ಮುದ್ರಿಸಿದ ಧಾರಣಿಯನ್ನಿಡಿಸಿದಳು. ಜಗತ್ತಿನಲ್ಲಿ ಉಳಿದುಬಂದಿರುವ ಅತಿ ಹಳೆಯ ಮುದ್ರಿತ ಹಾಳೆಗಳ ಸಾಲಿನಲ್ಲಿ ಅವು ಸೇರುತ್ತವೆ. ಮುದ್ರಣದ ಚರಿತ್ರೆ ಬರೆಯುವವರು ಮಣ್ಣಿನ ಬಿಲ್ಲೆಯ ಮೇಲೆ ಒತ್ತಿದ ಮುದ್ರೆಯಿಂದ ಆರಂಭಿಸಬೇಕೆಂದು ನನಗೆ ಅನಿಸುತ್ತದೆ. ರಾಜಘಟ್ಟ ಆ ಚರಿತ್ರೆಯ ಹೊರಗಿಲ್ಲ.

ನಾಲ್ಕನೆಯದಾಗಿ, ಚಹಾ ಗಿಂಡಿ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲು ಅನುಮತಿ ಬೇಡುತ್ತೇನೆ.

ಚೀನಾದ ಜಿಯಾಂಗ್ಸು ಪ್ರಾಂತ್ಯದಲ್ಲಿ ತಾಯ್‌ಹು ಸರೋವರದ ಪಶ್ಚಿಮಕ್ಕೆ ಯಿಶಿಂಗ್ ಎಂಬ ಊರಿದೆ. ಅಲ್ಲಿನ ನೇರಳೆ ಮಣ್ಣಿನ ಗಿಂಡಿಗಳು ಚಹಾ ಪ್ರಿಯರಲ್ಲಿ ಜಗತ್ಪ್ರಸಿದ್ಧ. ಅವುಗಳ ಹುಟ್ಟಿಗೆ ಒಂದು ರಾಜಾಜ್ಞೆಯ ಹಿನ್ನೆಲೆಯಿದೆ. ಅದಕ್ಕೆ ಮೊದಲು ಅರಮನೆಗೆ ಸಲ್ಲುತ್ತಿದ್ದ ಚಹಾ ಅಚ್ಚಿನಲ್ಲಿ ಒತ್ತಿದ ಬಿಲ್ಲೆಯ ರೂಪದ್ದು. ಮಿಂಗ್ ವಂಶದ ಮೊದಲ ಚಕ್ರವರ್ತಿ 1391ರಲ್ಲಿ ಬಿಲ್ಲೆಯ ಚಹಾದ ಕಪ್ಪವನ್ನು ನಿಲ್ಲಿಸಿ ಬಿಡಿ ಎಲೆಯನ್ನೇ ಒಪ್ಪಿಸಬೇಕೆಂದ. ಪುಡಿಮಾಡಿ ಕಡೆದು ಕುಡಿಯುವ ಕ್ರಮ ಹಿಂದೆ ಸರಿದು, ಎಲೆಯನ್ನು ಬಿಸಿನೀರಿನಲ್ಲಿ ನೆನೆಸಿ ಬಸಿಯುವ ಕ್ರಮ ಮುಂದೆ ಬಂತು. ಬಸಿಯಲು ಮೂತಿಯ ಪಾತ್ರೆ ಬೇಕಾಯಿತು. ಮೂತಿಯ ಮಣ್ಣಿನ ಪಾತ್ರೆ ನಮ್ಮ ನಾಡಿಗೂ ಹೊಸದಲ್ಲ. ಟಿ. ನರಸೀಪುರದ ನವಶಿಲಾಯುಗದ ಪದರಗಳಲ್ಲೇ ಅಂಥವು ದೊರೆತಿವೆ. ಆದರೆ ಒಂದು ಪಾನೀಯಕ್ಕಾಗಿ ಒಂದು ಪಾತ್ರೆಯನ್ನು ಈ ಮಟ್ಟಕ್ಕೆ ಬೆಳೆಸಿದವರು ಯಿಶಿಂಗಿನವರು.

ಮಿಂಗ್ ಕಾಲದ ಕೊನೆಯಲ್ಲಿ, 1640ರ ಸುಮಾರಿಗೆ, ಝೌ ಗಾವೊಚಿ ಎಂಬ ವಿದ್ವಾಂಸ ಯಿಶಿಂಗಿನ ಗಿಂಡಿಗಳ ಮೇಲೆ ಒಂದು ಗ್ರಂಥ ಬರೆದ. ಅವನ ಪ್ರಕಾರ ಈ ಕಸುಬನ್ನು ಆರಂಭಿಸಿದವನು ಜಿನ್‌ಶಾ ದೇವಾಲಯದ ಒಬ್ಬ ಬೌದ್ಧ ಭಿಕ್ಷು, ಹೆಸರು ಮರೆತುಹೋಗಿದೆ. ಆ ದೇವಾಲಯದಲ್ಲಿ ಓದಲು ಉಳಿದಿದ್ದ ಪಂಡಿತನೊಬ್ಬನ ಸೇವಕ ಗೊಂಗ್ ಚುನ್, ಭಿಕ್ಷುವಿನ ಕೆಲಸವನ್ನು ನೋಡಿ ಕಲಿತು ತಾನೇ ಗಿಂಡಿಗಳನ್ನು ಮಾಡತೊಡಗಿದ. ಗೊಂಗ್ ಚುನ್ ಮಾಡಿದ ಗಿಂಡಿಯ ಮೈಮೇಲೆ ಅವನ ಬೆರಳ ಗೆರೆಗಳು ತಡವಿದರೆ ತಿಳಿಯುತ್ತಿದ್ದವು ಎಂದು ಝೌ ಗಾವೊಚಿ ಬರೆದಿಟ್ಟಿದ್ದಾನೆ. ಈ ವಿವರ ನನಗೆ ಬಹಳ ಅಮೂಲ್ಯ. ಸೇವಕನೊಬ್ಬನ ಹೆಸರೂ ಅವನ ಬೆರಳ ಗುರುತೂ ಗ್ರಂಥಸ್ಥವಾಗುವ ಯೋಗ್ಯತೆ ಪಡೆದವು. 1533ರಲ್ಲಿ ಸಮಾಧಿಯಾದ ವೂ ಜಿಂಗ್ ಎಂಬ ಅರಮನೆಯ ಅಧಿಕಾರಿಯ ಗೋರಿಯಲ್ಲಿ, ನಾನ್‌ಜಿಂಗ್ ಬಳಿ, ಇಂಥದೊಂದು ಗಿಂಡಿ ದೊರೆತಿದೆ. ಕಾಲ ಖಚಿತವಾಗಿ ಗೊತ್ತಿರುವ ಹಳೆಯ ಯಿಶಿಂಗ್ ಗಿಂಡಿ ಅದು.

ಮೊದಮೊದಲು ಗಿಂಡಿಗಳು ದೊಡ್ಡವಾಗಿದ್ದವು. ಅವು ಏಕೆ ಪುಟ್ಟವಾದವು? ಶಿ ದಾಬಿನ್ ಎಂಬ ಮಹಾ ಕುಶಲಿ ಗೊಂಗ್ ಚುನ್‌ನ ದಾರಿಯಲ್ಲಿ ದೊಡ್ಡ ಗಿಂಡಿಗಳನ್ನೇ ಮಾಡುತ್ತಿದ್ದ. ಚೆನ್ ಜಿರು ಮೊದಲಾದ ರಸಿಕರು ಚಹಾ ಸವಿಯುವ ಬಗೆಯನ್ನು ಚರ್ಚಿಸುವುದನ್ನು ಕೇಳಿದ ಮೇಲೆ ಪುಟ್ಟವನ್ನು ಮಾಡತೊಡಗಿದ ಎಂದು ಅದೇ ಗ್ರಂಥ ಹೇಳುತ್ತದೆ. ಕಾರಣ ಅಲಂಕಾರವಲ್ಲ, ರುಚಿ. ದೊಡ್ಡ ಪಾತ್ರೆಯಲ್ಲಿ ಪರಿಮಳ ಹರಡಿಹೋಗುತ್ತದೆ, ಎಲೆ ಹೆಚ್ಚು ಹೊತ್ತು ನೆನೆದು ಕಹಿಯಾಗುತ್ತದೆ. ಪುಟ್ಟ ಪಾತ್ರೆಯಲ್ಲಿ ಎಲೆ ಹೆಚ್ಚು, ನೀರು ಕಡಿಮೆ, ಹೊತ್ತು ಕಡಿಮೆ. ಪೂರ್ತಿ ಬಸಿದು ಮತ್ತೆ ನೀರೆರೆಯುತ್ತಾರೆ. ಮುಂದೆ ಹುಯ್ ಮೆಂಗ್‌ಚೆನ್ ಎಂಬ ಕುಂಬಾರನ ಹೆಸರಿನಲ್ಲಿ ಪುಟ್ಟ ಗಿಂಡಿಗಳ ಒಂದು ಪರಂಪರೆಯೇ ಬೆಳೆಯಿತು. ದಕ್ಷಿಣದ ಚಾವೊಝೌ ಸೀಮೆಯ ಚಹಾ ಕ್ರಮದಲ್ಲಿ ಆ ಗಿಂಡಿಗಳಿಗೆ ವಿಶೇಷ ಸ್ಥಾನ. ಇಬ್ಬರು ಮೂವರಿಗೆ ಒಂದೊಂದು ಗುಟುಕು ಸಲ್ಲುವಷ್ಟು ಮಾತ್ರ ಅವುಗಳಲ್ಲಿ ಹಿಡಿಸುತ್ತದೆ. ಹೆಬ್ಬೆಟ್ಟಿನಷ್ಟೇ ದೊಡ್ಡದಾದ ಗಿಂಡಿಗಳನ್ನೂ ಮಾಡುತ್ತಾರೆ.

ಯಿಶಿಂಗಿನ ಕಚ್ಚಾವಸ್ತು ಕೆರೆಯ ಹೂಳಲ್ಲ, ಗಣಿಯಿಂದ ತೆಗೆದ ಕಲ್ಲಿನಂಥ ಜೇಡಿ. ಅದನ್ನು ಬಯಲಿನಲ್ಲಿ ಹರಡಿ ಬಿಸಿಲು ಮಳೆಗೆ ಒಡ್ಡಿ ಪುಡಿಯಾಗಲು ಬಿಡುತ್ತಾರೆ. ಅರೆದು, ಜರಡಿ ಹಿಡಿದು, ನೀರು ಕಲಸಿ, ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಹಾಗೇ ಇಡುತ್ತಾರೆ. ಕಬ್ಬಿಣದ ಅಂಶದ ಪ್ರಮಾಣಕ್ಕೆ ತಕ್ಕಂತೆ ನೇರಳೆ, ಕೆಂಪು, ಹಳದಿ ಮಿಶ್ರಿತ ಹಸಿರು ಎಂಬ ಮೂರು ಮುಖ್ಯ ಬಣ್ಣದ ಮಣ್ಣು ಸಿಗುತ್ತದೆ. ಮೆರುಗು ಬಳಿಯುವುದಿಲ್ಲ. ಸುಡುವುದು 1100ರಿಂದ 1200 ಡಿಗ್ರಿಯ ಸುಮಾರಿನಲ್ಲಿ. ನಮ್ಮ ಹಳ್ಳಿಯ ಆವಿಗೆಯ ಶಾಖ ಅದಕ್ಕಿಂತ ಬಹಳ ಕಡಿಮೆ, ಆದ್ದರಿಂದಲೇ ನಮ್ಮ ಕೊಡದ ಗೋಡೆಯಲ್ಲಿ ರಂಧ್ರಗಳು ಹೆಚ್ಚು, ನೀರು ಜಿನುಗಿ ಆರಿ ತಂಪಾಗುತ್ತದೆ. ನೀರಿನ ಕೊಡಕ್ಕೆ ಬೇಕಾದದ್ದು ಅದೇ ಗುಣ. ಯಿಶಿಂಗಿನ ಗಿಂಡಿ ಸೋರುವುದಿಲ್ಲ, ಆದರೆ ಅತಿ ಸೂಕ್ಷ್ಮ ರಂಧ್ರಗಳಲ್ಲಿ ಚಹಾದ ಪರಿಮಳವನ್ನು ಹಿಡಿದಿಡುತ್ತದೆ. ಅದಕ್ಕಾಗಿ ಒಂದು ಗಿಂಡಿಯಲ್ಲಿ ಒಂದೇ ಬಗೆಯ ಚಹಾ ಮಾಡುವ ಪದ್ಧತಿ. ಎರಡರಲ್ಲಿ ಒಂದು ಮೇಲು, ಒಂದು ಕೀಳು ಎಂದು ನಾನು ಒಪ್ಪುವುದಿಲ್ಲ. ಎರಡೂ ಕಡೆ ಕುಂಬಾರರು ಬಳಕೆಗೆ ತಕ್ಕ ಹದ ಕಂಡುಕೊಂಡಿದ್ದಾರೆ.

ಕಟ್ಟುವ ಬಗೆ ನಮ್ಮ ಕುಂಬಾರರಿಗೆ ಕೂಡಲೇ ಅರ್ಥವಾಗುವಂಥದ್ದು. ಯಿಶಿಂಗಿನ ಸಾಂಪ್ರದಾಯಿಕ ಗಿಂಡಿ ವೇಗವಾಗಿ ತಿರುಗುವ ತಿಗರಿಯ ಮೇಲೆ ಏಳುವುದಿಲ್ಲ. ಮಣ್ಣಿನ ಉಂಡೆಯನ್ನು ಮರದ ಕೊಡತಿಯಿಂದ ಬಡಿದು ರೊಟ್ಟಿಯಂತೆ ತೆಳುವಾಗಿ ಹರವುತ್ತಾರೆ. ಅದರಿಂದ ಪಟ್ಟಿ ಕತ್ತರಿಸಿ ಸುತ್ತಿ ಕೊಳವೆ ಮಾಡುತ್ತಾರೆ. ಸಣ್ಣ ತಿರುಗುಮಣೆಯ ಮೇಲಿಟ್ಟು, ಒಳಗೆ ಬೆರಳು ಹಿಡಿದು, ಹೊರಗಿನಿಂದ ತೆಳು ಹಲಗೆಯಲ್ಲಿ ತಟ್ಟುತ್ತ ತಿರುಗಿಸುತ್ತ ಹೋದಂತೆ ಕೊಳವೆಯ ಅಂಚು ಒಳಬಾಗಿ ಭುಜ ಮೂಡುತ್ತದೆ. ಬುಡ ಮುಚ್ಚಿ, ತಲೆಕೆಳಗು ಮಾಡಿ, ಇನ್ನೊಂದು ಕಡೆ ತಟ್ಟುತ್ತಾರೆ. ಒಳಗೊಂದು ಆಸರೆ, ಹೊರಗೊಂದು ಏಟು: ನಮ್ಮಲ್ಲಿ ಗುಂಡುಕಲ್ಲು ಮಾಡುವ ಕೆಲಸವನ್ನು ಅಲ್ಲಿ ಬೆರಳು ಮಾಡುತ್ತದೆ. ಗಿಂಡಿ ಪುಟ್ಟದಾದಷ್ಟೂ ಒಳಗೆ ಹೋಗುವ ಬೆರಳಿಗೆ ಜಾಗ ಕಡಿಮೆ. ಹೆಬ್ಬೆಟ್ಟಿನಳತೆಯ ಗಿಂಡಿಯಲ್ಲಿ ಬೆರಳಿನ ಕೆಲಸವನ್ನು ಬಿದಿರಿನ ತುಂಡೋ ಕೊಂಬಿನ ತುದಿಯೋ ಮಾಡಬೇಕು, ಕೈಯ ಅರಿವನ್ನು ಉಪಕರಣದ ತುದಿಗೆ ಕಳಿಸಬೇಕು. ಆಮೇಲೆ ಕೊಂಬಿನ ತೆಳು ಪಟ್ಟಿಯಿಂದ ಮೈಯನ್ನು ಸವರುತ್ತಾರೆ. ಒರಟು ಕಣಗಳು ಒಳಗೆ ಸರಿದು, ನುಣುಪು ಜೇಡಿ ಮೇಲೆ ಬಂದು ಮೈ ಹೊಳೆಯುತ್ತದೆ.

ಮೂತಿ, ಹಿಡಿ, ಮುಚ್ಚಳ ಕೂಡುವುದು ಕೊನೆಯಲ್ಲಿ. ಮಣ್ಣು ಸುಟ್ಟಾಗ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಮುಚ್ಚಳವೂ ಬಾಯಿಯೂ ಒಂದೇ ಮಣ್ಣಿನಿಂದ, ಒಂದೇ ಹದದಲ್ಲಿ, ಒಂದೇ ಬೆಂಕಿಯಲ್ಲಿ ಬೇಯದಿದ್ದರೆ ಕೂಡುವುದಿಲ್ಲ. ಕೂಡಿದೆಯೇ ಎಂದು ನೋಡಲು ಒಂದು ಪರೀಕ್ಷೆಯಿದೆ. ನೀರು ಸುರಿಯುತ್ತಿರುವಾಗ ಮುಚ್ಚಳದ ಮೇಲಿನ ಗಾಳಿಯ ತೂತನ್ನು ಬೆರಳಿನಿಂದ ಮುಚ್ಚಿದರೆ ಧಾರೆ ನಿಲ್ಲಬೇಕು. ಇನ್ನೊಂದು ಬಗೆಯ ಪುಟ್ಟ ಗಿಂಡಿಯಲ್ಲಿ ಮೂತಿಯ ತುದಿ, ಬಾಯಿ, ಹಿಡಿಯ ನೆತ್ತಿ ಮೂರೂ ಒಂದೇ ಮಟ್ಟದಲ್ಲಿರಬೇಕು, ಬಿಸಿನೀರಿನ ಬಟ್ಟಲಿನಲ್ಲಿ ಬಿಟ್ಟರೆ ವಾಲದೆ ತೇಲಬೇಕು. ಒಂದು ಕೂದಲೆಳೆ ಹೆಚ್ಚು ಮಣ್ಣು ಹಿಡಿಯ ಕಡೆ ಉಳಿದಿದ್ದರೂ ಅದು ವಾಲಿಬಿಡುತ್ತದೆ. ಬುಡದಲ್ಲೋ ಮುಚ್ಚಳದ ಒಳಗೋ ಹಿಡಿಯ ಕೆಳಗೋ ಮಾಡಿದವರ ಮುದ್ರೆ ಇರುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಚೆನ್ ಮಾನ್‌ಶೆಂಗ್ ಎಂಬ ಅಧಿಕಾರಿ ವಿದ್ವಾಂಸ ಗಿಂಡಿಗಳ ರೂಪ ಚಿಂತಿಸಿ ಮೈಮೇಲೆ ಬರಹ ಕೆತ್ತಿದ, ಯಾಂಗ್ ಪೆಂಗ್ನಿಯನ್ ಎಂಬ ಕುಂಬಾರ ಅವುಗಳನ್ನು ಕಟ್ಟಿದ. ಇಬ್ಬರ ಹೆಸರೂ ಉಳಿಯಿತು. ಇಪ್ಪತ್ತನೆಯ ಶತಮಾನದ ಗು ಜಿಂಗ್‌ಝೌ ತನಕ ಆ ಪರಂಪರೆ ಹರಿದುಬಂದಿದೆ. 2006ರಲ್ಲಿ ಚೀನಾ ಈ ಕಸುಬನ್ನು ತನ್ನ ರಾಷ್ಟ್ರೀಯ ಪರಂಪರೆಯ ಮೊದಲ ಪಟ್ಟಿಯಲ್ಲೇ ಸೇರಿಸಿತು.

ಈಗ ಊರಿಗೆ ಮರಳೋಣ.

ನಮ್ಮಲ್ಲಿ ಕುಂಬಾರರಿಗೆ ಗೌರವ ಸಿಕ್ಕಿಲ್ಲವೆಂದು ಹೇಳಲಾರೆ. ಹರಿಹರ ಕುಂಬಾರ ಗುಂಡಯ್ಯನ ಮೇಲೆ ರಗಳೆಯನ್ನೇ ಬರೆದಿದ್ದಾನೆ. ಗಡಿಗೆ ಬಾರಿಸುವ ಶರಣನ ಮುಂದೆ ಶಿವನೇ ಕುಣಿದ ಕಥೆ ಕನ್ನಡಿಗರಿಗೆ ಪ್ರಿಯ. ಮದುವೆಗೆ ಕುಂಬಾರರ ಮನೆಯಿಂದ ಐರಾಣಿ ಗಡಿಗೆ ಬರಬೇಕು. ಉತ್ತರ ಕರ್ನಾಟಕದಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಪುಟ್ಟ ಎತ್ತುಗಳು, ಆಮೇಲೆ ಗುಳ್ಳವ್ವ, ನಾಗರ ಪಂಚಮಿಗೆ ಮಣ್ಣಿನ ನಾಗ, ಅನಂತರ ಗಣಪ, ಜೋಕುಮಾರ ಹೀಗೆ ಮಳೆಗಾಲವಿಡೀ ಅಂಗೈಯಳತೆಯ ಮಣ್ಣು ದೇವರಾಗುತ್ತದೆ. ಹರಕೆಗಾಗಿ ಪುಟ್ಟ ಮಣ್ಣಿನ ರೂಪ ಮಾಡಿ ಒಪ್ಪಿಸುವ ಮನಸ್ಸು ಈ ನಾಡಿನಲ್ಲಿ ಎಂದೂ ಬತ್ತಿಲ್ಲ. ಆದರೆ ಗೌರವಿಸಿದ್ದು ಕುಂಬಾರನ ಭಕ್ತಿಯನ್ನು, ಕುಂಬಾರನ ಶುಭವನ್ನು. ಕುಂಬಾರನ ತಂತ್ರವನ್ನು ಕುರಿತು ಝೌ ಗಾವೊಚಿಯಂತೆ ಕುಳಿತು ಬರೆಯುವ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಲಿಲ್ಲ. ಬರೆಯುವವರಿಗೂ ಮಣ್ಣು ಮುಟ್ಟುವವರಿಗೂ ನಡುವೆ ನಾವು ಜಾತಿಯ ಗೋಡೆ ಕಟ್ಟಿಕೊಂಡದ್ದು ಇದರ ದೊಡ್ಡ ಕಾರಣ. ಈ ಮಾತನ್ನು ಮೆತ್ತಗೆ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

ರಾಜಘಟ್ಟದ ಕಿರುಸ್ತೂಪಗಳಲ್ಲಿ ಮಾಡಿದವರ ಹೆಸರಿಲ್ಲ, ಧರ್ಮದ ಮಾತು ಮಾತ್ರ ಇದೆ. ಹಾಗೆಂದು ಮಾಡಿದವರು ಮೂಕರಾಗಿಲ್ಲ. ಒಡೆದ ಮಣ್ಣಿನ ಅಂಚು ಬಹಳ ಹೇಳುತ್ತದೆ. ನಡುವೆ ಕಪ್ಪು, ಹೊರಗೆ ಕೆಂಪು ಇದ್ದರೆ ಬೆಂಕಿ ಬೇಗ ಆರಿತು ಅಥವಾ ಗಾಳಿ ಸಾಲಲಿಲ್ಲ ಎಂದರ್ಥ. ಬುಡದಲ್ಲಿ ಸುರುಳಿ ಗೆರೆಗಳಿದ್ದರೆ ತಿರುಗುತ್ತಿದ್ದ ತಿಗರಿಯಿಂದ ದಾರದಲ್ಲಿ ಕತ್ತರಿಸಿದ್ದು. ಮಗ್ಗುಲಲ್ಲಿ ಸಣ್ಣ ಏಣು ಇದ್ದರೆ ಎರಡು ಹೋಳಿನ ಅಚ್ಚಿನಿಂದ ಬಂದದ್ದು. ಬೂದಿಯ ಪುಡಿ ಅಂಟಿದ್ದರೆ ಅಚ್ಚಿನಿಂದ ಬಿಡಿಸಿಕೊಳ್ಳಲು ಬಳಸಿದ್ದಿರಬಹುದು. ಒಂದೇ ಮುದ್ರೆಯಲ್ಲಿ ಒತ್ತಿದ ಬಿಲ್ಲೆಗಳನ್ನು ಸಾಲಾಗಿಟ್ಟರೆ ಮುದ್ರೆ ಸವೆಯುತ್ತ ಹೋದ ಕ್ರಮ ತಿಳಿಯುತ್ತದೆ, ಮೊದಲು ಒತ್ತಿದ್ದು ಯಾವುದು, ಆಮೇಲೆ ಒತ್ತಿದ್ದು ಯಾವುದು ಎಂದು ಹೇಳಬಹುದು. ಹಸಿಮಣ್ಣಿನಲ್ಲಿ ಉಳಿದ ಬೆರಳಚ್ಚಿನ ಗೆರೆಗಳ ಅಗಲ ಅಳೆದು, ಒತ್ತಿದ ಕೈ ಮಗುವಿನದೋ ಬೆಳೆದವರದೋ ಎಂದು ಅಂದಾಜಿಸುವ ವಿಧಾನ ಇಂದು ಇದೆ. ಸ್ತೂಪಗಳನ್ನು ವಿಹಾರದ ಭಿಕ್ಷುಗಳೇ ಮಾಡಿದರೋ, ಕುಂಬಾರರು ಮಾಡಿ ಯಾತ್ರಿಕರಿಗೆ ಕೊಟ್ಟರೋ, ಮನೆಮಂದಿಯೆಲ್ಲ ಕೂತು ಒತ್ತಿದರೋ ಎಂಬುದನ್ನು ಲಿಪಿ ಹೇಳಲಾರದು, ಮಣ್ಣು ಹೇಳಬಲ್ಲದು.

ನನ್ನ ಬೇಡಿಕೆ ಸರಳ. ಈ ಸೀಮೆಯ ಹಿರಿಯ ಕುಂಬಾರರನ್ನು ಸಂಶೋಧಕರ ಜೊತೆ ಒಂದೇ ಮೇಜಿನ ಮುಂದೆ ಕೂರಿಸಿ, ಆ ಚೂರುಗಳನ್ನು ಅವರ ಕೈಗೆ ಕೊಡಬೇಕು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ಅವರ ಹೆಸರಿನೊಡನೆ ಬರೆದುಕೊಳ್ಳಬೇಕು. ರಾಜಘಟ್ಟದ ಸುತ್ತಲ ಕೆರೆಗಳ ಮಣ್ಣನ್ನು ತಂದು ಅದೇ ಅಳತೆಯ ಸ್ತೂಪಗಳನ್ನು ಮಾಡಿ, ಒಳಗೆ ಬಿಲ್ಲೆಯಿಟ್ಟು, ಒಣಗಿಸಿ ಸುಟ್ಟು ನೋಡಬೇಕು. ಎಷ್ಟು ಒಡೆದವು, ಯಾಕೆ ಒಡೆದವು ಎಂದು ದಾಖಲಿಸಬೇಕು. ಕೆರೆಗಳ ಹೂಳೆತ್ತುವಾಗ ಒಳ್ಳೆಯ ಜೇಡಿಯನ್ನು ಗುರುತಿಸಿ ಕುಂಬಾರರಿಗೆ ಎತ್ತಿಡುವ ವ್ಯವಸ್ಥೆಯನ್ನು ಪಂಚಾಯಿತಿಗಳು ಮಾಡಬೇಕು. ವಿಮಾನ ನಿಲ್ದಾಣದ ಸುತ್ತ ನೆಲದ ಬೆಲೆ ಏರುತ್ತಿರುವ ಈ ಜಿಲ್ಲೆಯಲ್ಲಿ ಕೆರೆಯಂಗಳ ಉಳಿಯದಿದ್ದರೆ ಜೇಡಿ ಉಳಿಯುವುದಿಲ್ಲ. ಜೇಡಿ ಹೋದರೆ ಅದರ ಹದ ಬಲ್ಲ ಕೊನೆಯ ತಲೆಮಾರೂ ಅದರೊಂದಿಗೆ ಹೋಗುತ್ತದೆ. ಬೂದಿಗುಂಡಿಯ ಹೊಲಕ್ಕೆ ಒಂದು ಭದ್ರವಾದ ಬೇಲಿ, ಕನ್ನಡದಲ್ಲಿ ಒಂದು ವಿವರವಾದ ಫಲಕ, ಸಿಕ್ಕ ವಸ್ತುಗಳ ಒಳ್ಳೆಯ ಪ್ರತಿಕೃತಿಗಳನ್ನು ಊರಲ್ಲೇ ನೋಡುವ ಅನುಕೂಲ, ಇವು ದೊಡ್ಡ ಖರ್ಚಿನ ಕೆಲಸಗಳಲ್ಲ. ಆ ಪ್ರತಿಕೃತಿಗಳನ್ನು ಮಾಡುವ ಕೆಲಸವನ್ನು ಪ್ಲಾಸ್ಟಿಕ್ ಅಚ್ಚಿನವರಿಗೆ ಕೊಡದೆ ಇಲ್ಲಿಯ ಕುಂಬಾರರಿಗೇ ಕೊಡಬೇಕು. ಅವರು ಮಾಡಿದ ಪ್ರತಿಯೊಂದು ಕಿರುಸ್ತೂಪದ ಬುಡದಲ್ಲಿ ಅವರದೇ ಒಂದು ಮುದ್ರೆ ಇರಲಿ.

ಈ ಕೆಲಸವನ್ನು ಕೈಗೆತ್ತಿಕೊಳ್ಳಲು ಮುಂದೆ ಬರುವ ವಿದ್ಯಾರ್ಥಿಗಳು ಸಭೆ ಮುಗಿದ ಮೇಲೆ ದಯವಿಟ್ಟು ನನ್ನನ್ನು ಕಾಣಬೇಕು. ಕುಂಬಾರರ ಕೇರಿಗೆ ಯಾವಾಗ ಹೋಗುವುದೆಂದು ಇಂದೇ ನಿಶ್ಚಯಿಸೋಣ.